ಸೋರದ ಉಂಗುರ

ಮೋಟಾರ್‌ಸೈಕಲ್ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ತಿರುಗತೊಡಗಿದ ಕಾಲದಿಂದಲೂ ಆಯಿಲ್ ಸೋರಿಕೆ ಅದರ ಬೆನ್ನು ಬಿಟ್ಟಿರಲಿಲ್ಲ. ಅಮೆರಿಕದ ಮಿಲ್ವಾಕಿಯಲ್ಲಿ 1903ರಲ್ಲಿ ಹುಟ್ಟಿದ ಹಾರ್ಲೆ-ಡೇವಿಡ್‌ಸನ್ ಕಂಪನಿಯ ಹಳೆಯ ಎಂಜಿನ್‌ಗಳನ್ನೇ ನೋಡಿ. ಕ್ಯಾಮ್ ಕೆಳಗಿತ್ತು, ವಾಲ್ವ್ ಮೇಲಿತ್ತು; ನಡುವಿನ ಪುಶ್‌ರಾಡ್ ಓಡಾಡಲು ಒಂದು ಕೊಳವೆ, ಕೊಳವೆಯ ತುದಿಗಳಿಗೆ ಬಿರಡೆಯ ಗ್ಯಾಸ್ಕೆಟ್. ಹೊಸದರಲ್ಲಿ ಬಿರಡೆ ಕಚ್ಚಿಕೊಂಡು ಕೂರುತ್ತಿತ್ತು. ಬಿಸಿ ತಿಂದೂ ತಿಂದೂ ಒಣಗಿ ಕುಗ್ಗಿತೆಂದರೆ ಆಯಿಲ್ ಜಿನುಗುತ್ತಿತ್ತು. ಕ್ಯಾಮ್ ಬಿಚ್ಚಿದಾಗಲೆಲ್ಲ ಹೊಸ ಬಿರಡೆ ಹಾಕಬೇಕಾಗುತ್ತಿತ್ತು. ಕೆಲವು ಕಾಲ ಕಳೆದರೆ ನೆಲದ ಮೇಲೆ ಅದೇ ಕರಿ ಹನಿ.

ಇದಕ್ಕೆ ಮದ್ದು ಹುಡುಕಿದವನೂ ಒಂದು ಕಾಲಕ್ಕೆ ಅದೇ ಮಿಲ್ವಾಕಿಯಲ್ಲಿ ಕಾರ್ಖಾನೆ ಇಟ್ಟಿದ್ದವನು. ಆದರೆ ಆತನ ತಲೆಯಲ್ಲಿ ಮೋಟಾರ್‌ಸೈಕಲ್ ಇರಲೇ ಇಲ್ಲ.

ನೀಲ್ಸ್ ಕ್ರಿಸ್ಟೆನ್‌ಸನ್ 1865ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ. ಯಂತ್ರಗಳ ಕೆಲಸ ಕಲಿತು 1891ರಲ್ಲಿ ಅಮೆರಿಕದ ಹಾದಿ ಹಿಡಿದ. ಶಿಕಾಗೊ ಪಕ್ಕದ ಓಕ್ ಪಾರ್ಕಿನಲ್ಲಿ ಕಣ್ಣಾರೆ ಕಂಡ ಒಂದು ಟ್ರಾಮ್ ಅಪಘಾತ ಆತನ ಬದುಕಿನ ದಿಕ್ಕನ್ನೇ ಬದಲಿಸಿತು. ನಿಲ್ಲಬೇಕಾದಾಗ ನಿಲ್ಲದ ಗಾಡಿ ಎಂಥ ಅನಾಹುತ ಮಾಡಬಲ್ಲದೆಂದು ನೋಡಿದವನು ಟ್ರಾಮ್‌ಗಳಿಗೆ ಗಾಳಿಯ ಒತ್ತಡದಿಂದ ಹಿಡಿಯುವ ಬ್ರೇಕ್ ರೂಪಿಸಿದ. ಬ್ರೇಕ್ ಗೆದ್ದಿತು, ಮಾಡಿದವನು ಗೆಲ್ಲಲಿಲ್ಲ. ಪೇಟೆಂಟ್‌ಗಳು ಒಂದು ಕಂಪನಿಯಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತ ಕೊನೆಗೆ ವೆಸ್ಟಿಂಗ್‌ಹೌಸ್‌ನ ಬುಟ್ಟಿಗೆ ಬಿದ್ದವು. ಕೋರ್ಟು ಕಚೇರಿ ಅಲೆದಾಟ ವರ್ಷಗಟ್ಟಲೆ ನಡೆಯಿತು. ಒಂದು ವ್ಯಾಜ್ಯವಂತೂ 1921ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿಬಂತು. ಬೇರೆ ಯಾರೇ ಆಗಿದ್ದರೂ ಬ್ರೇಕಿನ ಸಹವಾಸವೇ ಸಾಕೆಂದು ಕೈ ತೊಳೆದುಕೊಳ್ಳುತ್ತಿದ್ದರು.

ಕ್ರಿಸ್ಟೆನ್‌ಸನ್ ಕೈ ತೊಳೆದುಕೊಳ್ಳಲಿಲ್ಲ. ಕ್ಲೀವ್‌ಲ್ಯಾಂಡ್ ಕಡೆಗೆ ಬಂದು ನೆಲೆಸಿದವನು ಅರವತ್ತು ದಾಟಿದ ಮೇಲೆ ಮತ್ತೆ ಬ್ರೇಕಿಗೇ ಕೈ ಹಾಕಿದ. ಈ ಸಲ ಗಾಳಿಯ ಬದಲು ದ್ರವದ ಒತ್ತಡ. ಅಲ್ಲೇ ಸಿಕ್ಕಿಕೊಂಡಿತು ಹಳೆಯ ಪೀಡೆ. ಸಿಲಿಂಡರಿನೊಳಗೆ ಹಿಂದೆ ಮುಂದೆ ಓಡುವ ಪಿಸ್ಟನ್ನಿನ ಪಕ್ಕದಿಂದ ದ್ರವ ನುಸುಳಿಬಿಡುತ್ತಿತ್ತು. ಬ್ರೇಕಿನ ದ್ರವ ಸೋರಿದರೆ ಒತ್ತಡ ಹೋಯಿತು. ಒತ್ತಡ ಹೋದರೆ ಓಕ್ ಪಾರ್ಕಿನ ಕತೆಯೇ ಮತ್ತೆ. ಆಗ ಬಳಕೆಯಲ್ಲಿದ್ದ ತೊಗಲಿನ ಬಟ್ಟಲು, ಹಗ್ಗದ ಪ್ಯಾಕಿಂಗ್‌ಗಳು ಬೇಗ ಸವೆಯುತ್ತಿದ್ದವು. ಬಿಗಿ ಮಾಡಿದರೆ ಪಿಸ್ಟನ್ ಕದಲದು, ಸಡಿಲ ಬಿಟ್ಟರೆ ದ್ರವ ನಿಲ್ಲದು.

ರಬ್ಬರ್ ಉಂಗುರ ಹಾಕಿದರಾಗದೇ? ಆ ಯೋಚನೆ ಹೊಸದೇನಲ್ಲ. 1896ರಲ್ಲೇ ಸ್ವೀಡನ್ನಿನಲ್ಲಿ ಅಂಥ ಉಂಗುರಕ್ಕೊಂದು ಪೇಟೆಂಟ್ ಸಿಕ್ಕಿತ್ತು. ಆದರೆ ಓಡಾಡುವ ಪಿಸ್ಟನ್ನಿಗೆ ರಬ್ಬರ್ ತೊಡಿಸಿದರೆ ಅದು ತಿರುಚಿಕೊಳ್ಳುವುದು, ಹರಿಯುವುದು ಮಾಮೂಲಾಗಿತ್ತು. ಪಿಸ್ಟನ್ನಿನ ಮೈಮೇಲೆ ಕೊರೆದ ತೋಡು ಉಂಗುರದ ಅಳತೆಗೆ ಸರಿಯಾಗಿದ್ದರೆ, ಒತ್ತಿದಾಗ ರಬ್ಬರಿಗೆ ಹೋಗಲು ಜಾಗವೇ ಇಲ್ಲ. ಇಕ್ಕಟ್ಟಾದ ಚಪ್ಪಲಿ ಕಾಲನ್ನು ಕಚ್ಚುವ ಹಾಗೆ ಲೋಹದ ಅಂಚು ರಬ್ಬರನ್ನು ಕಚ್ಚಿ ತಿನ್ನುತ್ತಿತ್ತು. ಎಲ್ಲರ ಕಣ್ಣೂ ಉಂಗುರದ ಮೇಲೆ ನೆಟ್ಟಿತ್ತು. ತೋಡಿನ ಕಡೆ ನೋಡಿದವರು ಕಡಿಮೆ.

1933ರಲ್ಲಿ, 68ರ ಅಂಚಿನಲ್ಲಿದ್ದ ಮುದುಕ ಮನೆಯ ನೆಲಮಾಳಿಗೆಯಲ್ಲೇ ಪ್ರಯೋಗ ಮಾಡುತ್ತಿದ್ದ. ರಬ್ಬರಿನ ಉಂಗುರ ಬಲು ಸಾದಾ, ಕತ್ತರಿಸಿ ನೋಡಿದರೆ ದುಂಡಗೆ. ಆತ ಬದಲಿಸಿದ್ದು ತೋಡನ್ನು. ಅದರ ಅಗಲವನ್ನು ಉಂಗುರದ ದಪ್ಪದ ಒಂದೂವರೆ ಪಟ್ಟು ಇಟ್ಟ. ಪಿಸ್ಟನ್ ಓಡಿತು. ಸೋರಲಿಲ್ಲ. ಓಡಿಸುತ್ತಲೇ ಹೋದ. ಚದರ ಅಂಗುಲಕ್ಕೆ 600 ಪೌಂಡ್‌ವರೆಗಿನ ಒತ್ತಡದಲ್ಲಿ ಪಿಸ್ಟನ್ 27,90,000 ಸಲ ಹೋಗಿಬಂದ ಮೇಲೂ ಅದೇ ಉಂಗುರ ಬಿಗಿಯಾಗಿಯೇ ಇತ್ತು.

1937ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದಾಗ ಆತನಿಗೆ 72. ಪೇಟೆಂಟ್ ಕೈಗೆ ಬಂದದ್ದು 1939ರ ನವೆಂಬರಿನಲ್ಲಿ. ಅಂಗೈಯಲ್ಲಿ ಹಿಡಿಸುವ ಕಪ್ಪು ಉಂಗುರಕ್ಕೆ ಗಿರಾಕಿ ಸುಲಭಕ್ಕೆ ಸಿಗಲಿಲ್ಲ. ಕೊನೆಗೆ ಕೈ ಹಿಡಿದದ್ದು ವಿಮಾನ. ಇಳಿಯುವಾಗ ಚಕ್ರವನ್ನು ಹೊರಚಾಚುವ ಹೈಡ್ರಾಲಿಕ್ ವ್ಯವಸ್ಥೆಗಳೂ ಸೋರಿಕೆಯಿಂದ ನರಳುತ್ತಿದ್ದವು. 1940ರಲ್ಲಿ ಓಹಿಯೋದ ರೈಟ್ ಫೀಲ್ಡಿನಲ್ಲಿ ಸೇನೆಯ ವಿಮಾನದವರು ಉಂಗುರವನ್ನು ಪರೀಕ್ಷೆಗೆ ಹಚ್ಚಿದರು, ಒಪ್ಪಿದರು. ಅಷ್ಟರಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ಯುದ್ಧಕ್ಕೆ ಬೇಕಾದ ವಸ್ತುವೆಂದು ಸರ್ಕಾರ ಪೇಟೆಂಟನ್ನು ತನ್ನ ವಶಕ್ಕೆ ತೆಗೆದುಕೊಂಡು, ತಯಾರಿಸುವ ಹಕ್ಕನ್ನು ಬೇರೆ ಕಂಪನಿಗಳಿಗೆ ಹಂಚಿತು. ಕ್ರಿಸ್ಟೆನ್‌ಸನ್‌ಗೆ ಸಿಕ್ಕಿದ್ದು ಒಂದೇ ಗಂಟಿನಲ್ಲಿ 75,000 ಡಾಲರ್. ಬ್ರೇಕಿನಲ್ಲಿ ಆದದ್ದೇ ಉಂಗುರದಲ್ಲೂ ಆಯಿತು. 1952ರಲ್ಲಿ ಆತ ತೀರಿಕೊಂಡ. ವ್ಯಾಜ್ಯ ಮಾತ್ರ ಆತನಿಗಿಂತ ಹೆಚ್ಚು ಬಾಳಿತು: ವಾರಸುದಾರರ ಕೈಗೆ ಒಂದು ಲಕ್ಷ ಡಾಲರ್ ಬಂದದ್ದು 1971ರಲ್ಲಿ, ಆತ ಸತ್ತು 19 ವರ್ಷಗಳಾದ ಮೇಲೆ.

ಅಷ್ಟು ಹೊತ್ತಿಗೆ ಓ-ರಿಂಗ್ ಎಂದೇ ಹೆಸರಾದ ಆ ಉಂಗುರ ನಲ್ಲಿಯಿಂದ ರಾಕೆಟ್ಟಿನವರೆಗೆ ಎಲ್ಲೆಡೆ ಸೇರಿಕೊಂಡಿತ್ತು. ಮಿಲ್ವಾಕಿಯ ಮೋಟಾರ್‌ಸೈಕಲ್ಲನ್ನೂ ಅದು ಬಿಡಲಿಲ್ಲ. 1984ರ ಹೊತ್ತಿಗೆ ಬಂದ ಇವೊಲ್ಯೂಷನ್ ಎಂಜಿನ್ನಿನಲ್ಲಿ ಪುಶ್‌ರಾಡ್ ಕೊಳವೆಗಳಿಗೆ ಬಿರಡೆಯ ಬದಲು ರಬ್ಬರ್ ಉಂಗುರ ಬಂತು. 1999ರ ಟ್ವಿನ್ ಕ್ಯಾಮ್ ಎಂಜಿನ್ನಿನಲ್ಲಿ ಅದು ಇನ್ನೂ ಒಳಕ್ಕೆ ಇಳಿಯಿತು. ಕ್ಯಾಮ್ ಹಿಡಿದಿಡುವ ತಟ್ಟೆಯ ಹಿಂದೆ, ಆಯಿಲ್ ಪಂಪಿನ ಬಾಯಲ್ಲಿ ಸಣ್ಣ ಸಣ್ಣ ಉಂಗುರಗಳು ಕೂತವು. ಆ ಎಂಜಿನ್ನಿನ ಮೊದಮೊದಲ ಮಾದರಿಗಳಲ್ಲಿ ಕ್ಯಾಮ್ ಚೈನಿನ ಟೆನ್ಷನರ್ ಸವೆಯುತ್ತಿದ್ದುದರಿಂದ ಮೆಕ್ಯಾನಿಕ್‌ಗಳು ಅದನ್ನು ಮತ್ತೆ ಮತ್ತೆ ಬಿಚ್ಚಬೇಕಾಯಿತು. ಆಗ ಗೊತ್ತಾಯಿತು ಉಂಗುರದ ಬೆಲೆ. ಜೋಡಿಸುವಾಗ ಪಂಪಿನ ಬಾಯಿಯ ಓ-ರಿಂಗ್ ಚೂರು ಚಿವುಟಿಕೊಂಡರೆ ಸಾಕು, ಪಂಪ್ ಆಯಿಲ್ ಬದಲು ಗಾಳಿ ಎಳೆಯುತ್ತಿತ್ತು. ಟ್ಯಾಂಕಿಗೆ ಮರಳಬೇಕಾದ ಆಯಿಲ್ ಎಂಜಿನ್ನಿನ ತಳದಲ್ಲೇ ತುಂಬಿಕೊಳ್ಳುತ್ತಿತ್ತು. ಹೊರಗೆ ಒಂದು ಹನಿಯೂ ಕಾಣದ್ದರಿಂದ ತಪ್ಪು ಎಲ್ಲಿದೆಯೆಂದು ಹುಡುಕುವುದೇ ಪರದಾಟವಾಗುತ್ತಿತ್ತು.

ಒಳಗುಟ್ಟು ಇಷ್ಟೇ. ರಬ್ಬರ್ ಒತ್ತಿದರೆ ಆಕಾರ ಬದಲಿಸುತ್ತದೆ, ಗಾತ್ರ ಕುಗ್ಗಿಸುವುದಿಲ್ಲ. ಅಗಲವಾದ ತೋಡಿನಲ್ಲಿ ಕೊಂಚ ಅಮುಕಿ ಕೂರಿಸಿದ ಉಂಗುರವನ್ನು ಆಯಿಲ್‌ನ ಒತ್ತಡ ಒಂದು ಪಕ್ಕದ ಗೋಡೆಗೆ ತಳ್ಳುತ್ತದೆ. ಅಲ್ಲಿ ಅದು ಹಿಗ್ಗಿ, ನುಸುಳಬಹುದಾದ ಸಂದನ್ನು ತಾನೇ ಮುಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಮುಚ್ಚುವ ಬಲವೂ ಹೆಚ್ಚು. ಆದರೆ ಮೊದಲು ಆ ಸಣ್ಣ ಅಮುಕು ಇರಲೇಬೇಕು. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಚಪ್ಪಟೆಯಾದ ಹಳೆಯ ಉಂಗುರದಲ್ಲಿ ಅದು ಉಳಿದಿರುವುದಿಲ್ಲ. ಅಳತೆ ತಪ್ಪಿದ್ದರಲ್ಲೂ, ಆಯಿಲ್‌ಗೆ ಊದಿಕೊಳ್ಳುವ ರಬ್ಬರಿನಲ್ಲೂ ಅದು ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಕ್ಯಾಮ್ ಬದಲಿಸುವಾಗ ಆ ಎಂಜಿನ್ನಿನ ಮಾದರಿಗೆಂದೇ ಮಾಡಿದ ಹೊಸ ಓ-ರಿಂಗ್‌ಗಳನ್ನೇ, ಆಯಿಲ್ ಸವರಿ ಹಾಕಬೇಕು. ಹಳೆಯದು ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಮತ್ತೆ ಹಾಕಬಾರದು.