ಪ್ರಯಾಣಕ್ಕೊಂದು ಪುಟ್ಟ ತೆರೆ

ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರು ದೂರ. ನೆಲಮಂಗಲ ದಾಟುವ ವೇಳೆಗೆ ಚಕ್ಕುಲಿಯ ಡಬ್ಬ ಅರ್ಧ ಬರಿದಾಗಿರುತ್ತದೆ, ಕುಣಿಗಲ್ಲಿನಲ್ಲಿ “ಇನ್ನೆಷ್ಟು ದೂರ?” ಎಂಬ ಪ್ರಶ್ನೆ ಮೊದಲಾಗುತ್ತದೆ, ಹಾಸನ ಬರುವಷ್ಟರಲ್ಲಿ ಹಿಂದಿನ ಆಸನವೇ ಕುರುಕ್ಷೇತ್ರ! ಸಂಸಾರಸಹಿತ ಕಾರಿನಲ್ಲಿ ಹೊರಟವರಿಗೆಲ್ಲ ಇದು ಪರಿಚಿತವೇ. ಆಗ, ಮಕ್ಕಳಿಗೆ ಚಲನಚಿತ್ರ ತೋರಿಸುವ ಪುಟ್ಟ ಯಂತ್ರವೊಂದಿದ್ದರೆ ಎಂಬ ಯೋಚನೆ ಗೃಹಸ್ಥರಿಗೆ ಬರುವುದು ಸಹಜ. ಅಂಗಡಿಗೆ ಹೋಗುವ ಮುನ್ನ ಕೆಲವು ಸಂಗತಿಗಳನ್ನು ತಿಳಿದಿದ್ದರೆ ಹಣವೂ ಉಳಿದೀತು, ಪ್ರಯಾಣವೂ ಸುಖಕರವಾದೀತು.

ಎರಡು ಬಗೆ

ಇಂಥ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ: ಡಿವಿಡಿ ತಟ್ಟೆಯನ್ನು ಹಾಕಿ ನೋಡುವಂಥದು ಒಂದು, ಟ್ಯಾಬ್ಲೆಟ್ ಇನ್ನೊಂದು. ಡಿವಿಡಿ 1996ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದಿತು. 12 ಸೆಂಟಿಮೀಟರು ಅಗಲದ ತಟ್ಟೆಯ ಒಂದು ಪದರದಲ್ಲಿ 4.7 ಗಿಗಾಬೈಟ್, ಅಂದರೆ ಸುಮಾರು ಎರಡು ಗಂಟೆಯ ಚಿತ್ರ ಅಡಗುತ್ತದೆ. ಮನೆಯಲ್ಲಿ ಹಳೆಯ ತಟ್ಟೆಗಳ ಸಂಗ್ರಹವಿದ್ದವರಿಗೆ ಇದು ಈಗಲೂ ಉಪಯುಕ್ತ. ಇದಕ್ಕೆ ಅಂತರ್ಜಾಲ ಬೇಡ; ಮಗುವಿನ ಬೆರಳು ಬೇಡದ ಕಡೆಗೆ ಜಾರುವ ಭಯವೂ ಇಲ್ಲ. ಆದರೆ ತಟ್ಟೆ ತಿರುಗುತ್ತಿರಬೇಕಾದುದರಿಂದ ಗುಂಡಿಬಿದ್ದ ರಸ್ತೆಯಲ್ಲಿ ಚಿತ್ರ ತಡವರಿಸುವುದುಂಟು. ವಲಯ ಸಂಖ್ಯೆಯನ್ನೂ ಗಮನಿಸಬೇಕು. ಭಾರತದ್ದು 5, ಅಮೆರಿಕದ್ದು 1. ಅಲ್ಲಿಂದ ಬಂಧುಗಳು ಅಕ್ಕರೆಯಿಂದ ತಂದ ಯಂತ್ರ ಇಲ್ಲಿನ ತಟ್ಟೆಯನ್ನು ಒಲ್ಲೆನೆನ್ನಬಹುದು.

ಟ್ಯಾಬ್ಲೆಟ್‌ನಲ್ಲಿ ತಿರುಗುವ ತಟ್ಟೆಯಿಲ್ಲ. ಕುಲುಕಾಟಕ್ಕೆ ಅದು ಅಂಜದು. ಆದರೆ ಘಟ್ಟದ ಕಾಡಿನಲ್ಲಿ ಮೊಬೈಲ್ ಸಂಪರ್ಕ ಕಡಿದರೆ ಚಿತ್ರವೂ ನಿಲ್ಲುತ್ತದೆ. ಆದುದರಿಂದ ಬೇಕಾದ ಚಿತ್ರಗಳನ್ನು ಹಿಂದಿನ ದಿನವೇ ಇಳಿಸಿಕೊಂಡು, ಸಂಪರ್ಕವನ್ನು ಆರಿಸಿ ಒಮ್ಮೆ ನಡೆಸಿ ನೋಡಬೇಕು. ಮನೆಯಲ್ಲಿ ಈಗಾಗಲೇ ಟ್ಯಾಬ್ಲೆಟ್ ಇದ್ದವರಿಗೆ ಹೊಸ ಯಂತ್ರದ ಅಗತ್ಯವೇ ಇಲ್ಲ. ಅದನ್ನು ಆಸನಕ್ಕೆ ಬಿಗಿಯುವ ಚೌಕಟ್ಟೊಂದು ಸಾಕು.

ಬ್ಯಾಟರಿ ಕನಿಷ್ಠಪಕ್ಷ ಎರಡು ಚಿತ್ರಗಳಿಗೆ ಸಾಲುವಂತಿರಬೇಕು. ಕಾರಿನ 12 ವೋಲ್ಟಿನ ಸಾಕೆಟ್ಟಿನಿಂದ ಹಿಂದಿನ ಆಸನದವರೆಗೆ ತಂತಿ ನಿಲುಕುವುದೇ ಎಂದು ಅಳೆದು ನೋಡುವುದು ಲೇಸು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಯಂತ್ರವನ್ನು ಬಿಟ್ಟುಹೋಗಕೂಡದು. ಶಾಖವು ಬ್ಯಾಟರಿಗೆ ಶತ್ರು.

ಅಲಕ್ಷಿಸಬಾರದ ಅಪಾಯ

ಯಂತ್ರವನ್ನು ಮಗುವಿನ ಕೈಗೆ ಕೊಟ್ಟು ನಿಶ್ಚಿಂತರಾಗುವವರೇ ಹೆಚ್ಚು. ಅಪಾಯವಿರುವುದು ಅಲ್ಲಿಯೇ. ಗಂಟೆಗೆ 60 ಕಿಲೋಮೀಟರು ವೇಗದ ಕಾರು ಏನಕ್ಕಾದರೂ ಬಡಿದು ಥಟ್ಟನೆ ನಿಂತರೆ, ಒಳಗಿನ ಸಡಿಲ ವಸ್ತು ಅದೇ ವೇಗದಲ್ಲಿ ಮುನ್ನುಗ್ಗುತ್ತದೆ. ಅದರ ಪೆಟ್ಟು ಸುಮಾರು 14 ಮೀಟರು ಎತ್ತರದಿಂದ, ಎಂದರೆ ನಾಲ್ಕಂತಸ್ತಿನ ಮಹಡಿಯಿಂದ, ತಲೆಯ ಮೇಲೆ ಬಿದ್ದುದಕ್ಕೆ ಸಮಾನ. ಆದುದರಿಂದ ಯಂತ್ರವನ್ನು ಮುಂದಿನ ಆಸನದ ಬೆನ್ನಿಗೆ ಭದ್ರವಾಗಿ ಬಿಗಿಯಬೇಕು. ಮಕ್ಕಳಿಗೆ ಬೆಲ್ಟು ಹಾಕಿರಲೇಬೇಕು. ತೆರೆ ಚಾಲಕನ ಕಣ್ಣಿಗೆ ಬೀಳಬಾರದು, ಸದ್ದು ಅವನ ಗಮನ ಸೆಳೆಯಬಾರದು. ಮಕ್ಕಳಿಗೆಂದೇ ಇರುವ, ಸದ್ದು 85 ಡೆಸಿಬೆಲ್ ಮೀರದ ಹೆಡ್‌ಫೋನುಗಳನ್ನು ಆರಿಸಿಕೊಳ್ಳಬಹುದು.

ವಾಕರಿಕೆಯ ಕಾರಣ

ಘಟ್ಟದ ರಸ್ತೆಯಲ್ಲಿ ಇನ್ನೊಂದು ತೊಂದರೆ. ಕಣ್ಣು ನಿಶ್ಚಲವಾದ ತೆರೆಯಲ್ಲಿ ನೆಟ್ಟಿರುತ್ತದೆ. ಒಳಕಿವಿಯಾದರೋ ದೇಹ ವಾಲುವುದನ್ನೂ ತಿರುಗುವುದನ್ನೂ ತಿಳಿಸುತ್ತಿರುತ್ತದೆ. ಪರಸ್ಪರ ವಿರುದ್ಧವಾದ ಈ ಎರಡು ವರದಿಗಳಿಂದ ಮಿದುಳು ಗೊಂದಲಗೊಂಡು ವಾಕರಿಕೆ ಬರುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ತೆರೆಯನ್ನು ತೊಡೆಯ ಮೇಲಿಡದೆ ಕಣ್ಣಿನ ಮಟ್ಟದಲ್ಲಿಟ್ಟರೆ ಸ್ವಲ್ಪ ವಾಸಿ. ಆಗುಂಬೆಯಂಥ ತಿರುವುಗಳು ಬಂದಾಗ ಆರಿಸಿಬಿಡುವುದೇ ಮೇಲು. ದೂರದ ಬೆಟ್ಟವನ್ನು ನೋಡುವುದರಿಂದ ವಾಕರಿಕೆ ತಗ್ಗುತ್ತದೆ.

ಅತಿಯಾದರೆ ಅಮೃತವೂ ವಿಷವಲ್ಲವೆ? ಎರಡು ವರ್ಷ ತುಂಬದ ಶಿಶುಗಳಿಗೆ ತೆರೆಯೇ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದೆ. ದೊಡ್ಡ ಮಕ್ಕಳಿಗೂ ಒಂದು ಮಿತಿಯನ್ನು ಹೊರಡುವ ಮೊದಲೇ ಗೊತ್ತುಪಡಿಸಿದರೆ ದಾರಿಯಲ್ಲಿ ರಂಪವಿರದು. ವಾರವೆಲ್ಲ ಕೆಲಸದಲ್ಲಿ ಮುಳುಗಿದ ತಂದೆತಾಯಿಯರು, ಅಜ್ಜ ಅಜ್ಜಿ, ಮಕ್ಕಳು ಎಲ್ಲರೂ ಏಳೆಂಟು ಗಂಟೆ ಒಟ್ಟಿಗೆ ಕುಳಿತಿರುವ ಅವಕಾಶ ಕಾರಿನಲ್ಲಲ್ಲದೆ ಇನ್ನೆಲ್ಲಿ ದೊರೆತೀತು? ಬೇಸರದ ಒಂದೆರಡು ಗಂಟೆಗಳನ್ನು ಯಂತ್ರ ಕಳೆಯಲಿ. ಉಳಿದ ಹೊತ್ತು ಮನೆಯವರ ಮಾತುಕತೆಗೇ ಮೀಸಲಾಗಿರಲಿ.