ದಿನಕ್ಕೊಂದೋ, ವಾರಕ್ಕೊಂದೋ?

ಡಿ.ಫಾರ್ಮ ಮುಗಿಸಿ ಚಿಂತಾಮಣಿಯ ಮೆಡಿಕಲ್ ಸ್ಟೋರ್ ಒಂದರಲ್ಲಿ ಕೆಲಸಕ್ಕೆ ಸೇರಿ ವರ್ಷವಾಯಿತು. ‘ಮಾತ್ರೆ ಎಣಿಸಿ ಕೊಡೋಕೆ ಎರಡು ವರ್ಷ ಓದಬೇಕಾ?’ ಎಂದು ಗೆಳತಿಯರು ಕಾಲೆಳೆಯುತ್ತಾರೆ. ಎಣಿಸುವುದು ಸುಲಭ. ಚೀಟಿಯಲ್ಲಿ ಬರೆದದ್ದು ಸರಿಯಿದೆಯೇ ಎಂದು ನೋಡುವುದೇ ಕಷ್ಟದ ಕೆಲಸ.

ಕಳೆದ ಬೇಸಿಗೆಯಲ್ಲಿ ಶಿಡ್ಲಘಟ್ಟದಿಂದ ಒಬ್ಬ ಅಜ್ಜಿ ಬಂದಿದ್ದರು. ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲೇ ಆಯಸ್ಸು ಸವೆಸಿದವರು. ಕೀಲು ಊದಿ ಬೆರಳು ಮಡಚಲಾಗುತ್ತಿರಲಿಲ್ಲ. ಆಸ್ಪತ್ರೆಯೊಂದರ ಚೀಟಿ ಕೈಲಿತ್ತು: ಮೆಥೋಟ್ರೆಕ್ಸೇಟ್, ರಾತ್ರಿ ಒಂದು, 30 ದಿನ. ಸಂಧಿವಾತಕ್ಕೆ ಈ ಮಾತ್ರೆ ವಾರಕ್ಕೆ ಒಂದು ದಿನ ಮಾತ್ರ. ದಿನವೂ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ಮೂಳೆಮಜ್ಜೆಯಲ್ಲಿ ರಕ್ತಕಣ ಹುಟ್ಟುವುದು ಕುಂದುತ್ತದೆ, ಜೀವವೇ ಹೋಗಬಹುದು.

‘ಡಾಕ್ಟ್ರು ಬರೆದಿದ್ದಾರಲ್ಲ, ಕೊಡಮ್ಮ’ ಎಂದರು ಯಜಮಾನರು. ನಾನು ಚೀಟಿಯಲ್ಲಿದ್ದ ನಂಬರಿಗೆ ಫೋನ್ ಹಚ್ಚಿದೆ. ಮೂರನೇ ಸಲಕ್ಕೆ ಸಿಕ್ಕ ಕಿರಿಯ ವೈದ್ಯರು ಒಂದು ಕ್ಷಣ ಸುಮ್ಮನಾದರು. ‘ವಾರಕ್ಕೊಂದೇ. ಬೆಳಗ್ಗೆಯಿಂದ ಎಂಬತ್ತು ಜನರನ್ನು ನೋಡಿದ್ದೀನಿ. ಕೇಳಿದ್ದು ಒಳ್ಳೇದಾಯ್ತು’ ಎಂದರು. ಅಜ್ಜಿಗೆ ತೆಲುಗಿನಲ್ಲಿ ವಿವರಿಸಿ, ಮೊಮ್ಮಗ ಓದಲೆಂದು ಪೊಟ್ಟಣದ ಮೇಲೆ ‘ಭಾನುವಾರ ಮಾತ್ರ’ ಎಂದು ಕನ್ನಡದಲ್ಲಿ ದಪ್ಪಗೆ ಬರೆದೆ.

ಆ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಎಂಬತ್ತನೆಯ ಚೀಟಿ ಬರೆಯುವ ಕೈ ಯಾರದಾದರೂ ಸೋಲುತ್ತದೆ. ಸಿಟ್ಟು ಇರುವುದು ‘ಕೇಳಬಾರದು’ ಎಂಬ ನಮ್ಮ ಸಂಕೋಚದ ಮೇಲೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳ ಪ್ರಕಾರ ಚೀಟಿ ಪರಿಶೀಲಿಸುವುದೂ ರೋಗಿಗೆ ತಿಳಿಹೇಳುವುದೂ ಫಾರ್ಮಸಿಸ್ಟ್ ಕೆಲಸವೇ. ಔಷಧದ ಮೂಲ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ಹೇಳಿದೆ. ಆದರೂ ಇನ್ಸುಲಿನ್ 10ರ ಪಕ್ಕ ಯೂನಿಟ್ ಎನ್ನಲು ಇಂಗ್ಲಿಷಿನ ‘ಯು’ ಗೀಚುವವರಿದ್ದಾರೆ. ಅದು ಸೊನ್ನೆಯಂತೆ ಕಂಡರೆ 10 ಹೋಗಿ 100!

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ, ಸರ್ಕಾರಿ ವೈದ್ಯರು ಕನ್ನಡದಲ್ಲಿ ಚೀಟಿ ಬರೆಯಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದಿದ್ದರು. ಔಷಧದ ಹೆಸರು ಇಂಗ್ಲಿಷಿನಲ್ಲೇ ಇರಲಿ. ಯಾವಾಗ, ಎಷ್ಟು, ಯಾವ ವಾರ ಎಂಬುದಾದರೂ ಕನ್ನಡದಲ್ಲಿದ್ದರೆ ಮನೆಯವರೇ ತಪ್ಪು ಹಿಡಿಯುತ್ತಾರೆ.

ಚಿಕ್ಕಬಳ್ಳಾಪುರ, ಗೌರಿಬಿದನೂರಿನ ಅಂಗಡಿಗಳಲ್ಲಿರುವ ಸಹಪಾಠಿಗಳೂ ನಾನೂ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡಿದ್ದೇವೆ. ರೋಗಿಯ ಹೆಸರು ಬಿಟ್ಟು ಅನುಮಾನವನ್ನಷ್ಟೇ ಹಾಕುತ್ತೇವೆ. ಮೊನ್ನೆ ಗೌರಿಬಿದನೂರಿನಿಂದ ಬಂದದ್ದು, ಮಗುವಿನ ಜ್ವರಕ್ಕೆ ‘ಪ್ಯಾರಾಸಿಟಮಾಲ್ 5 ಎಂ.ಎಲ್.’ ಎಂಬ ಚೀಟಿ. ಡ್ರಾಪ್ಸೋ ಸಿರಪ್ಪೋ ಬರೆದಿಲ್ಲ. ಅಂಗಡಿಯಲ್ಲಿದ್ದ ಸಿರಪ್ಪಿನ 5 ಎಂ.ಎಲ್.ನಲ್ಲಿ 125 ಮಿಲಿಗ್ರಾಂ ಔಷಧವಿದ್ದರೆ, ಅಷ್ಟೇ ಡ್ರಾಪ್ಸಿನಲ್ಲಿ 500. ಮಗುವಿನ ತೂಕವೂ ಚೀಟಿಯಲ್ಲಿರಲಿಲ್ಲ. ಗೆಳತಿ ತಾಯಿಯನ್ನು ಪಕ್ಕದ ದಿನಸಿ ಅಂಗಡಿಗೆ ಕರೆದೊಯ್ದು ಮಗುವನ್ನು ತಕ್ಕಡಿಯಲ್ಲಿ ಕೂರಿಸಿದಳು. ಎಂಟು ಕಿಲೋ. ಆಮೇಲೆ ಡಾಕ್ಟರಿಗೆ ಫೋನ್ ಮಾಡಿ, ಸಿರಪ್ಪೇ ಎಂದು ಖಚಿತಪಡಿಸಿಕೊಂಡು ಕೊಟ್ಟಳು.