ಕಂಪೈಲ್ ಆಯಿತು, ಇಂಪೋರ್ಟ್ ಆಗಲಿಲ್ಲ

ಪೈಥಾನ್‌ನಲ್ಲಿ ಬರೆದ ಲೆಕ್ಕಾಚಾರ ನಿಧಾನವೆನಿಸಿದರೆ, ಅದರ ಭಾರದ ಭಾಗವನ್ನು ಸಿ ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದು ಜೋಡಿಸುವುದು ರೂಢಿ. ನಮ್‌ಪೈ ವೇಗವಾಗಿರುವುದೂ ಹೀಗೆಯೇ. ಆದರೆ ಹೊಸದಾಗಿ ಇದಕ್ಕೆ ಕೈಹಾಕಿದವರು ಒಂದು ಕಡೆ ಕಂಗೆಡುತ್ತಾರೆ. ಕಂಪೈಲರ್ ಒಂದೂ ತಪ್ಪು ತೋರಿಸಿರುವುದಿಲ್ಲ, ಫೈಲೂ ಸಿದ್ಧವಾಗಿರುತ್ತದೆ. ಇಂಪೋರ್ಟ್ ಎಂದೊಡನೆ ಪೈಥಾನ್ ತಕರಾರು ತೆಗೆಯುತ್ತದೆ.

ಆಗ ಎಲ್ಲವನ್ನೂ ಅಳಿಸಿ ಮತ್ತೆ ಕಂಪೈಲ್ ಮಾಡಲು ಹೊರಡುವುದು ವ್ಯರ್ಥ ಶ್ರಮ. ಇಂಪೋರ್ಟ್ ಎಲ್ಲಿ ನಿಂತಿತು ಎಂಬುದನ್ನು ದೋಷಸಂದೇಶವೇ ಬಹುಪಾಲು ಹೇಳಿರುತ್ತದೆ.

‘ಮಾಡ್ಯೂಲ್ ನಾಟ್ ಫೌಂಡ್’ ಎಂದರೆ ಪೈಥಾನ್‌ಗೆ ಫೈಲೇ ಸಿಕ್ಕಿಲ್ಲ. ಕಣ್ಣೆದುರೇ ಇರುವ ಫೈಲ್ ಸಿಗದಿರಲು ಅದರ ಹೆಸರಿನ ಬಾಲ ಕಾರಣವಿರಬಹುದು. ಪೈಥಾನ್ 3.11ಕ್ಕೆಂದು ತಯಾರಾದ ಫೈಲಿನ ಹೆಸರಿನಲ್ಲಿ ಸಾಮಾನ್ಯವಾಗಿ 311 ಎಂಬ ಗುರುತಿರುತ್ತದೆ, 3.12 ಅದನ್ನು ತಿರುಗಿಯೂ ನೋಡುವುದಿಲ್ಲ.

‘ಅನ್‌ಡಿಫೈನ್ಡ್ ಸಿಂಬಲ್’ ಬಂದರೆ ಫೈಲ್ ಸಿಕ್ಕಿದೆ, ಅದು ಕರೆಯುವ ಯಾವುದೋ ಫಂಕ್ಷನ್ ಸಿಕ್ಕಿಲ್ಲ. ಲಿನಕ್ಸ್‌ನಲ್ಲಿ ಇಂಥ ಲೈಬ್ರರಿ ಕಟ್ಟುವಾಗ ಲಿಂಕರ್, ಸಿಗದ ಹೆಸರುಗಳನ್ನು ಆಮೇಲೆ ಹುಡುಕಿದರಾಯಿತೆಂದು ಬಿಟ್ಟುಬಿಡುತ್ತದೆ. ಕೊರತೆ ಹೊರಬೀಳುವುದು ಲೋಡ್ ಆಗುವಾಗಲೇ. ಆ ಹೆಸರು ಅಂಡರ್‌ಸ್ಕೋರ್ ಮತ್ತು ಝಡ್‌ನಿಂದ ಶುರುವಾಗಿದ್ದರೆ ಅದು ಸಿ ಪ್ಲಸ್ ಪ್ಲಸ್ ಕಂಪೈಲರ್ ಆರ್ಗ್ಯುಮೆಂಟ್‌ಗಳ ವಿವರ ಸೇರಿಸಿ ಹೆಣೆದ ಹೆಸರು. ಸಿ ಭಾಷೆಯ ಫಂಕ್ಷನ್ನಿಗೆ ಅಂಥ ಹೆಸರು ಬಂದಿದೆಯೆಂದರೆ ಅದರ ಘೋಷಣೆಗೆ ‘ಎಕ್ಸ್‌ಟರ್ನ್ ಸಿ’ ಸೇರಿಸುವುದು ಬಿಟ್ಟುಹೋಗಿದೆ. ಹೆಸರು ಸರಿಯಿದ್ದರೆ ಲಿಂಕ್ ಮಾಡಬೇಕಾದ ಲೈಬ್ರರಿಯನ್ನು ಹುಡುಕಿ. ‘ಎಲ್‌ಡಿಡಿ’ ಆಜ್ಞೆ ಫೈಲ್ ಯಾವ ಲೈಬ್ರರಿಗಳನ್ನು ನೆಚ್ಚಿದೆ ಎಂದು ಪಟ್ಟಿ ಕೊಡುತ್ತದೆ.

ಇನ್ನು, ಎಲ್ಲ ಹೆಸರೂ ಸಿಕ್ಕಿ ‘ಪೈಇನಿಟ್’ ಫಂಕ್ಷನ್ ಇಲ್ಲ ಎಂದರೆ, ನಿಮ್ಮ ಕೋಡಿನಲ್ಲಿ ಆ ಪದದ ನಂತರ ಬರುವ ಹೆಸರೂ ಮಾಡ್ಯೂಲಿನ ಹೆಸರೂ ಅಕ್ಷರಶಃ ಒಂದೇ ಇವೆಯೇ ನೋಡಿ. ಕಂಪೈಲ್ ಆದ ಫೈಲಿಗೆ ಬೇರೆ ಹೆಸರಿಟ್ಟರೂ ಈ ದೋಷ ಬರುತ್ತದೆ.

ದಾರಿ ತಪ್ಪಿಸುವ ಸಂದೇಶ ವಿಂಡೋಸ್‌ನದು. ‘ಡಿಎಲ್‌ಎಲ್ ಲೋಡ್ ಫೇಲ್ಡ್’ ಎಂದು, ಹೇಳಿದ ಮಾಡ್ಯೂಲ್ ಸಿಗಲಿಲ್ಲವೆನ್ನುತ್ತದೆ. ನಿಜಕ್ಕೂ ಸಿಗದಿರುವುದು ಹೆಚ್ಚಾಗಿ ನಿಮ್ಮ ಫೈಲಲ್ಲ, ಅದು ನೆಚ್ಚಿಕೊಂಡ ಇನ್ನೊಂದು ಡಿಎಲ್‌ಎಲ್. ಪೈಥಾನ್ 3.8ರಿಂದ ಇವುಗಳಿಗಾಗಿ ‘ಪಾತ್’ ಪಟ್ಟಿಯ ಫೋಲ್ಡರುಗಳನ್ನು ಹುಡುಕುವುದೂ ನಿಂತಿದೆ. ಫೋಲ್ಡರನ್ನು ನಾವೇ ಸೂಚಿಸಬೇಕು.

ಯಾರಲ್ಲಾದರೂ ಸಹಾಯ ಕೇಳುವಾಗ ‘ಇಂಪೋರ್ಟ್ ಆಗುತ್ತಿಲ್ಲ’ ಎಂದಷ್ಟೇ ಹೇಳಬೇಡಿ. ದೋಷದ ಕೊನೆಯ ಸಾಲು, ಪೈಥಾನ್ ಆವೃತ್ತಿ, ಫೈಲಿನ ಪೂರ್ತಿ ಹೆಸರು, ಈ ಮೂರನ್ನೂ ಕೊಡಿ.